ವಿಂಡೋಸ್ 10 ಮುಗಿದ ಬಳಿಕ ನಮ್ಮ ಹಳೆಯ ಕಂಪ್ಯೂಟರುಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಎಂದಿನ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅಂದಿನಿಂದ ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರದ ಸದಸ್ಯರು ಕೇಳುವುದು ಒಂದೇ: ಇದ್ದ ಕಂಪ್ಯೂಟರನ್ನು ಗುಜರಿಗೆ ಹಾಕಬೇಕೆ?

ಅವಸರ ಬೇಡ. ಮೊದಲು ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಒತ್ತಿ, ಕೊನೆಯಲ್ಲಿರುವ ಅಬೌಟ್ ನೋಡಿರಿ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, 32 ಬಿಟ್ಟೋ 64 ಬಿಟ್ಟೋ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿರಿ. ಇಂಟೆಲ್ ಐ3, ಐ5 ಇದ್ದರೆ ಅಡ್ಡಗೆರೆಯ ಮುಂದಿನ ಅಂಕಿಯೇ ಪೀಳಿಗೆ: ಐ5-7200 ಏಳನೆಯದು, ಐ3-10100 ಹತ್ತನೆಯದು.

ವಿಂಡೋಸ್ 11ಕ್ಕೆ 64 ಬಿಟ್ ಯಂತ್ರ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪು ಬೇಕು. ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಈಚಿನದು. 4 ಜಿಬಿ ಎಂಬುದು ಕಾಗದದ ಲೆಕ್ಕ. 8 ಇಲ್ಲದೆ ಕೆಲಸ ತೆವಳುತ್ತದೆ. ಯೋಗ್ಯತೆ ಇಲ್ಲದ ಯಂತ್ರಕ್ಕೂ ಕೆಲವರು ಅಡ್ಡದಾರಿಯಿಂದ ಹಾಕಿಕೊಡುತ್ತಾರೆ. ಅದಕ್ಕೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತ್ರಿ ಇಲ್ಲ.

ಅದಕ್ಕಿಂತ ಹಳೆಯ 64 ಬಿಟ್ ಯಂತ್ರಕ್ಕೆ ಉಚಿತವಾದ ಲಿನಕ್ಸ್ ಮಿಂಟ್ ಒಳ್ಳೆಯದು. 2 ಜಿಬಿಯಲ್ಲಿ ನಡೆಯುತ್ತದೆ, 4 ಇದ್ದರೆ ಸಲೀಸು. ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. 32 ಬಿಟ್ ಆದರೆ ಮಿಂಟ್‌ನ ಹೊಸ ಆವೃತ್ತಿಗಳು ಬಾರವು, ಡೆಬಿಯನ್ 12 ಬರುತ್ತದೆ. ಯಾವುದನ್ನು ಹಾಕಿದರೂ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿರಿ. ಹಳೆಯ ಯಂತ್ರಕ್ಕೆ ಅದರಷ್ಟು ಸಾರ್ಥಕ ಖರ್ಚು ಬೇರೊಂದಿಲ್ಲ.

ನಮ್ಮವರು ಎಡವುವುದು ಕನ್ನಡದ ವಿಷಯದಲ್ಲಿ. ನುಡಿಯ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ, ಗಾಬರಿಯಾಗಿ ಅಳಿಸಬೇಡಿರಿ. ವಿಂಡೋಸ್ ಇರುವಾಗಲೇ ನುಡಿಯ ಪರಿವರ್ತಕದಿಂದ ಯೂನಿಕೋಡ್ ಮಾಡಿ, ಮೂಲಪ್ರತಿಯನ್ನೂ ಪೆನ್‌ಡ್ರೈವಿಗೆ ಹಾಕಿರಿ. ಒಮ್ಮೆ ಒಂದು ಅಂಗಡಿಯಲ್ಲಿ ಕೇಳದೆಯೇ ಫಾರ್ಮ್ಯಾಟ್ ಮಾಡಿ ನಮ್ಮ ಸಭೆಗಳ ನಡಾವಳಿ ಪೂರ್ತಿ ಹೋಯಿತು. ಗುಮಾಸ್ತನ ಚಾಳಿ, ನಾನು ಎಲ್ಲವನ್ನೂ ಮುದ್ರಿಸಿ ಫೈಲಿಗೆ ಹಚ್ಚಿದ್ದೆ. ಎರಡು ತಿಂಗಳು ಕೂತು ಮತ್ತೆ ಬೆರಳಚ್ಚು ಮಾಡಿದೆ.

ಲಿನಕ್ಸ್‌ನಲ್ಲಿಯೂ ಕಗಪ ಕೀಲಿಮಣೆ ಇದೆ, ಕೈಗೆ ಹೊಸ ರೂಢಿ ಬೇಕಿಲ್ಲ. ತಹಸೀಲ ಕಚೇರಿಗೆ ಮರಾಠಿಯಲ್ಲಿ ಅರ್ಜಿ ಬರೆಯುವವರು ಪಕ್ಕದಲ್ಲೇ ಮರಾಠಿ ಕೀಲಿಮಣೆಯನ್ನೂ ಸೇರಿಸಿಕೊಳ್ಳಬಹುದು.

ಹಾಕುವ ಮೊದಲು ಪೆನ್‌ಡ್ರೈವಿನಿಂದಲೇ ಮಿಂಟ್ ನಡೆಸಿ ನೋಡಬಹುದು, ಒಳಗಿನದಕ್ಕೆ ಧಕ್ಕೆ ಇಲ್ಲ. ವೈಫೈ, ಧ್ವನಿ, ಮುಖ್ಯವಾಗಿ ಪ್ರಿಂಟರ್ ಪರೀಕ್ಷಿಸಿರಿ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಲಿನಕ್ಸ್‌ಗೆ ಬಗ್ಗುವುದಿಲ್ಲ. ಸಂದೇಹವಿದ್ದವರು ಆ ಚೀಟಿಯೊಂದಿಗೆ ಹಲಕರ್ಣಿಗೆ ಬನ್ನಿರಿ, ಕೂತು ನೋಡೋಣ.

— ಕಾರ್ಯದರ್ಶಿ