ಹಗಲು ದುಡಿಮೆ ಎಲ್ಲಿ, ರಾತ್ರಿ ನಿದ್ದೆ ಎಲ್ಲಿ?

ಕಮತಗಿಯ ನೇಕಾರನಿಗೆ ಕೆಲಸಕ್ಕೆ ಹೋಗುವುದೆಂದರೆ ಮನೆಯೊಳಗಿನ ಕುಣಿಮಗ್ಗಕ್ಕೆ ಕಾಲು ಇಳಿಬಿಟ್ಟು ಕೂಡುವುದು. ಅಡುಗೆಮನೆಯಿಂದ ಮಗ್ಗಕ್ಕೆ ಹತ್ತು ಹೆಜ್ಜೆ. ಅದೇ ಓಣಿಯ ಇನ್ನೊಂದು ಮನೆಯ ಹುಡುಗ ಬೆಳಿಗ್ಗೆ ಬೈಕ್ ಹತ್ತಿ ಇಪ್ಪತ್ತು-ಇಪ್ಪತ್ತೈದು ಕಿ.ಮೀ. ದೂರದ ಬಾಗಲಕೋಟೆಗೆ ಹೊರಡುತ್ತಾನೆ. ಮೂರನೆಯ ಮನೆಗೆ ಬೀಗ ಬಿದ್ದಿರುತ್ತದೆ. ಆ ಮನೆಯವರು ಗೋವಾಕ್ಕೆ ದುಡಿಯಲು ಹೋಗಿರುತ್ತಾರೆ. ಒಂದೇ ಊರಿನ ಮೂರು ಮನೆಗಳು ಹೀಗೇಕಾದವು? ಮಳೆ, ಸಾಲ, ಸೀರೆಯ ಕೂಲಿ ಎಂದು ಕಾರಣಗಳನ್ನು ಹೇಳುತ್ತೇವೆ. ಅವೆಲ್ಲ ನಿಜವೇ. ಆದರೆ ಲೆಕ್ಕಕ್ಕೆ ಹಿಡಿಯಲು ಮರೆಯುವ ಇನ್ನೊಂದು ಕಾರಣವಿದೆ. ಅದು ಇಂಧನದ ಬೆಲೆ.

ಇಂಧನವೆಂದರೆ ಪೆಟ್ರೋಲು, ಡೀಸೆಲ್ ಮಾತ್ರ ಎಂದು ತಿಳಿಯಬೇಕಿಲ್ಲ. ಮೋಟಾರು ಬರುವ ಮೊದಲು ಈ ಸೀಮೆಯ ಇಂಧನ ಜೋಳದ ಕಣಿಕೆ. ಚಕ್ಕಡಿಯ ಎತ್ತು ಅದನ್ನು ತಿಂದು ನಡೆಯಬೇಕು. ಹೇರು ಹೊತ್ತ ಚಕ್ಕಡಿ ಗಂಟೆಗೆ ಮೂರು-ನಾಲ್ಕು ಕಿ.ಮೀ. ಸಾಗಿದರೆ ಹೆಚ್ಚು. ಕಮತಗಿಯಿಂದ ಬಾಗಲಕೋಟೆಯ ಪೇಟೆಗೆ ಹೋದವನು ಅದೇ ದಿನ ಮರಳುವ ಮಾತೇ ಇರಲಿಲ್ಲ. ಒಂದು ರಾತ್ರಿ ಹೊರಗೆ ಕಳೆಯಲೇಬೇಕು. ಎತ್ತಿನ ಮೇವನ್ನೂ ಜೊತೆಗೇ ಒಯ್ಯಬೇಕು. ಇಂಥ ಕಾಲದಲ್ಲಿ ದುಡಿಮೆ ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ದುಡಿಮೆ. ಮಗ್ಗ ಮನೆಯೊಳಗೇ ಉಳಿದುದರಲ್ಲಿ ಕುಲಕಸುಬಿನ ಕಟ್ಟು ಎಷ್ಟಿದೆಯೋ ದಾರಿಯ ಖರ್ಚೂ ಅಷ್ಟೇ ಇದೆ ಎಂದು ನನಗೆ ತೋರುತ್ತದೆ.

ಈ ಇಂಧನ ತೀರಿಹೋದಾಗ ಏನಾಯಿತೆಂಬುದನ್ನು 1876-78ರ ಬರ ತೋರಿಸಿತು. ಇಂದಿನ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪ್ರದೇಶ ಅಂದು ಕಲಾದಗಿ ಜಿಲ್ಲೆಯಾಗಿತ್ತು. ಮಳೆ ಹೋದೊಡನೆ ಕಾಳಿನ ಜೊತೆಗೆ ಮೇವೂ ಹೋಯಿತು. ಹೊರಗಿನಿಂದ ಕಾಳು ತರೋಣವೆಂದರೆ ರೈಲು ಸೊಲ್ಲಾಪುರಕ್ಕೆ ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಚಕ್ಕಡಿಯೇ ಗತಿ. ದಾರಿಯಲ್ಲಿ ಹುಲ್ಲಿಲ್ಲ, ನೀರಿಲ್ಲ. ಎತ್ತು ಸತ್ತ ಮೇಲೆ ಕಾಳು ತುಂಬಿದ ಗೋದಾಮು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 1872ರ ಜನಗಣತಿಗೂ 1881ರ ಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದುಹೋಯಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ.

ಈ ಬರದ ಪಾಠದಿಂದಲೇ ಇಲ್ಲಿಗೆ ರೈಲು ಬಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಎರಡೇ ವರ್ಷದಲ್ಲಿ, 1884ರಲ್ಲಿ, ಹೋಟಗಿಯಿಂದ ಗದುಗಿನವರೆಗೆ ಮೀಟರ್ ಗೇಜ್ ಹಳಿ ಬಿತ್ತು. ಎತ್ತಿನ ಮೇವಿನ ಬದಲು ಕಲ್ಲಿದ್ದಲು. ಹಳಿ ವಿಜಾಪುರ, ಬಾಗಲಕೋಟೆಗಳನ್ನು ಮುಟ್ಟಿ ಕಲಾದಗಿಯನ್ನು ಪಕ್ಕಕ್ಕೆ ಬಿಟ್ಟಿತು. ಅದೇ ಸುಮಾರಿಗೆ ಜಿಲ್ಲೆಯ ಕಚೇರಿಗಳೂ ಕಲಾದಗಿಯಿಂದ ವಿಜಾಪುರಕ್ಕೆ ಹೋದವು, ಜಿಲ್ಲೆಯ ಹೆಸರೂ ಬದಲಾಯಿತು. ದಂಡಿನ ಠಾಣ್ಯವಿದ್ದ, ಕಲೆಕ್ಟರರು ಕೂಡುತ್ತಿದ್ದ ಊರು ದೊಡ್ಡ ಹಳ್ಳಿಯಾಗಿ ಉಳಿಯಿತು. ಕಮತಗಿಗೆ ರೈಲು ಬರಲಿಲ್ಲವಾದರೂ ನೂಲು ಇಳಿಯುವ ನಿಲ್ದಾಣ ಚಕ್ಕಡಿಯ ಒಂದು ದಿನದ ದಾರಿಯಷ್ಟು ಸಮೀಪಕ್ಕೆ ಬಂದಿತು. ಮಗ್ಗಕ್ಕೆ ಅದು ಸಣ್ಣ ಲಾಭವೇನಲ್ಲ.

ಮೋಟಾರು ಬಂದ ಮೇಲೆ ಹೋದ ದಿನವೇ ಮರಳಿ ಬರುವುದು ಸಾಧ್ಯವಾಯಿತು. ಆದರೆ ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ಬಸ್ಸುಗಳು ಇದ್ದಿಲಿಗೆ ತಿರುಗಿದವು. ಬಸ್ಸಿನ ಬೆನ್ನಿಗೆ ಒಲೆಯಂಥ ಪೀಪಾಯಿ. ಅದರಲ್ಲಿ ಇದ್ದಿಲು ತುಂಬಿ, ಗಾಳಿ ಕಡಿಮೆ ಮಾಡಿ ಸುಟ್ಟರೆ ಹೊರಡುವ ಅನಿಲದಿಂದ ಎಂಜಿನ್ ಓಡುತ್ತಿತ್ತು. ಹೊರಡುವ ಮುನ್ನ ಹಿಡಿಕೆ ತಿರುಗಿಸಿ ಗಾಳಿ ಹಾಕಬೇಕು. ಏರು ಬಂದರೆ ಪ್ರಯಾಣಿಕರೇ ಇಳಿದು ನೂಕಬೇಕು. ಟಿಕೆಟು ಕೊಂಡು ಬಸ್ಸು ನೂಕುವ ಈ ಭಾಗ್ಯವನ್ನು ನಮ್ಮ ಹಿರಿಯರು ನಗುತ್ತಲೇ ಹೇಳುತ್ತಿದ್ದರು.

ಯುದ್ಧ ಮುಗಿದ ಮೇಲೆ ಮುಂಬಯಿ ಸರಕಾರ 1948ರಲ್ಲಿ ಬಸ್ ಸಾರಿಗೆಯನ್ನು ಕೈಗೆತ್ತಿಕೊಳ್ಳತೊಡಗಿತು. ಏಕೀಕರಣದ ತರುವಾಯ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಸಾರಿಗೆ ನಿಗಮವಾಯಿತು. 1997ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಸಂಸ್ಥೆ ಬೇರೆಯಾಯಿತು. ಹೆಸರುಗಳು ಬದಲಾದರೂ ಕೆಂಪು ಬಸ್ಸಿನ ಅರ್ಥಶಾಸ್ತ್ರ ಒಂದೇ. ಡೀಸೆಲ್ಲಿನ ಖರ್ಚು ಐವತ್ತು ಜನರಲ್ಲಿ ಹಂಚಿಹೋಗುತ್ತದೆ. ದರ ಏರಿಸಲು ಸರಕಾರ ಹಿಂದೆಮುಂದೆ ನೋಡುತ್ತದೆ. 1973ರ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಪೀಪಾಯಿಗೆ ಸುಮಾರು 3 ಡಾಲರಿನಿಂದ 12 ಡಾಲರಿನ ಹತ್ತಿರಕ್ಕೆ ಜಿಗಿದಾಗಲೂ ಹಳ್ಳಿಗೆ ಆ ಏಟು ಸೋಸಿಕೊಂಡೇ ತಲುಪಿತು. ಪಾಸು ಹಿಡಿದ ಹುಡುಗರು ಊರಿನಲ್ಲೇ ಉಂಡು ಬಾಗಲಕೋಟೆಯ ಕಾಲೇಜಿನಲ್ಲಿ ಓದಿದರು.

ಈ ಬಾಗಲಕೋಟೆಯೇ ಮುಂದೆ ಜಾಗ ಬದಲಿಸಿತು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ದೊಡ್ಡ ಭಾಗ ಮುಳುಗಡೆಯಾಗಿ, ಕೆಲವು ಕಿ.ಮೀ. ಆಚೆ ನವನಗರ ಎದ್ದಿತು. ಹಳೆಯ ಬಾಗಲಕೋಟೆಯ ಓಣಿಗಳಲ್ಲಿ ಕಾಲ್ನಡಿಗೆಯಲ್ಲಿ ಸಂತೆ, ಸಾಲೆ, ಕಚೇರಿ ಎಲ್ಲ ಮುಗಿಸುತ್ತಿದ್ದವರು ವಿಶಾಲವಾದ ಸೆಕ್ಟರುಗಳಲ್ಲಿ ಆಟೋಕ್ಕೆ ಕೈ ಚಾಚುವಂತಾಯಿತು. 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಕಚೇರಿಯ ಕೆಲಸಕ್ಕೆ ಸುತ್ತಲಿನ ಊರಿನವರೆಲ್ಲ ಅಲ್ಲಿಗೇ ಬರಬೇಕಾಯಿತು. ಮುಳುಗಡೆಯ ಪರಿಹಾರದಲ್ಲಿ ಮನೆಯ ಬೆಲೆ ಕಟ್ಟಿದರು, ಹೊಲದ ಬೆಲೆ ಕಟ್ಟಿದರು. ದಿನಾ ಬೀಳುವ ಈ ಆಟೋ ಬಾಡಿಗೆಯನ್ನು ಯಾವ ಲೆಕ್ಕದಲ್ಲಿ ಬರೆಯಬೇಕು?

ಅಷ್ಟರಲ್ಲಿ ಬೆಲೆ ಕಟ್ಟುವ ರೀತಿಯೂ ಬದಲಾಯಿತು. ಪೆಟ್ರೋಲಿನ ಮೇಲಿನ ಸರಕಾರಿ ಹಿಡಿತ 2010ರಲ್ಲಿ, ಡೀಸೆಲ್ಲಿನದು 2014ರಲ್ಲಿ ಸಡಿಲಿತು. 2017ರ ಜೂನ್‌ನಿಂದ ದರವನ್ನು ದಿನಾ ಪರಿಷ್ಕರಿಸುವ ಪದ್ಧತಿ ಬಂದಿತು. 2021ರಲ್ಲಿ ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿತು. ಆ ಬೈಕಿನ ಹುಡುಗನ ಲೆಕ್ಕ ಹಾಕಿ ನೋಡಿ. ಹೋಗಿ ಬರಲು ಐವತ್ತು ಕಿ.ಮೀ. ಎಂದುಕೊಂಡರೆ ದಿನಕ್ಕೆ ಒಂದು ಲೀಟರ್, ತಿಂಗಳ ಇಪ್ಪತ್ತೈದು ದಿನಕ್ಕೆ 2,500 ರೂಪಾಯಿ. ಅಂಗಡಿಯಲ್ಲಿ ಸಹಾಯಕನಾಗಿ ದುಡಿಯುವವನ ಪಗಾರದಲ್ಲಿ ಇದು ಎಷ್ಟನೆಯ ಪಾಲು ಎಂದು ಅವನನ್ನೇ ಕೇಳಬೇಕು. ಒಂದು ಹಂತ ಮೀರಿದರೆ ಅವನ ಮುಂದಿರುವ ದಾರಿಗಳು ಎರಡು: ನವನಗರದಲ್ಲಿ ಬಾಡಿಗೆ ಕೋಣೆ ಹಿಡಿಯುವುದು, ಇಲ್ಲವೇ ಬಸ್ಸಿಗೆ ಮರಳುವುದು. ಮಗ್ಗದ ಮುಂದೆ ಕೂತವನೂ ಇದರಿಂದ ಪಾರಾಗಿಲ್ಲ. ಅವನು ಎಲ್ಲಿಗೂ ಹೋಗದಿದ್ದರೂ ನೂಲಿನ ಗಂಟು ದೂರದಿಂದ ಬರಬೇಕು, ನೇಯ್ದ ಸೀರೆ ಇಳಕಲ್ಲಿನ ವ್ಯಾಪಾರಿಗೆ ಮುಟ್ಟಬೇಕು.

ಬಸ್ಸಿನ ಕಥೆ ಬೇರೆ. 2020ರ ಫೆಬ್ರುವರಿಯಲ್ಲಿ ಏರಿದ ಟಿಕೆಟ್ ದರ 2025ರ ಜನವರಿಯಲ್ಲಿ ಮತ್ತೆ ಶೇ. 15ರಷ್ಟು ಏರುವವರೆಗೆ ಹಾಗೆಯೇ ನಿಂತಿತ್ತು. ನಡುವೆ, 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲದಂತಾಯಿತು. ಹೀಗಾಗಿ ಒಂದೇ ಮನೆಯಲ್ಲಿ ಗಂಡನಿಗೆ ಬಾಗಲಕೋಟೆ ದೂರವಾಗುತ್ತ ಹೋದಂತೆ ಹೆಂಡತಿಗೆ ಹತ್ತಿರವಾಯಿತು. ಮನೆ ಬಿಟ್ಟು ಹೊರಗೆ ದುಡಿಯದ ನೇಕಾರ ಹೆಣ್ಣುಮಗಳಿಗೆ ಪೇಟೆಯ ಕೆಲಸ ಇಂದು ಎಟಕುವಂತಿದೆ. ಉಣ್ಣೆ, ಹತ್ತಿ, ರೇಷ್ಮೆ ಯಾವ ನೂಲಿನ ಬೆಲೆಯೂ ಮಾಡದ ಕೆಲಸವಿದು. ಆದರೆ ರಿಯಾಯಿತಿ ಇರುವುದು ರಾಜ್ಯದ ಗಡಿಯವರೆಗೆ. ಸುಗ್ಗಿ ಮುಗಿದ ಮೇಲೆ ಮಕ್ಕಳನ್ನು ಕಟ್ಟಿಕೊಂಡು, ರೊಟ್ಟಿಯ ಬುತ್ತಿ ಹೊತ್ತು ಗೋವಾದ ಬಸ್ಸು ಹತ್ತುವ ಆ ಮೂರನೆಯ ಮನೆಯ ತಾಯಿ ಈಗಲೂ ಟಿಕೆಟ್ಟು ಕೊಂಡೇ ಹೋಗಬೇಕು.