ಸನ್ನದಿಗೆ ಬೇಡದ ಪದವಿ

ವಕೀಲಿಕೆ ಮಾಡಲು ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್.ಎಂ. ಬೇಕಿಲ್ಲ. 1961ರ ವಕೀಲರ ಕಾಯ್ದೆಯ ಪ್ರಕಾರ ಸನ್ನದು ಪಡೆಯಲು ಎಲ್‌ಎಲ್.ಬಿ. ಸಾಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೂ ಅದಕ್ಕಿಂತ ದೊಡ್ಡ ಪದವಿ ಬೇಕಿಲ್ಲ. ಎಲ್‌ಎಲ್.ಎಂ. ಇಲ್ಲದೆ ನಡೆಯದಿರುವುದು ಕಾನೂನು ಕಾಲೇಜಿನಲ್ಲಿ ಪಾಠ ಹೇಳಲು ಹೊರಟಾಗ: ಶೇ 55 ಅಂಕ, ಅದರ ಮೇಲೆ ನೆಟ್ಟೋ ಕೆ-ಸೆಟ್ಟೋ. ಹಾಗಾಗಿ ನಮ್ಮಲ್ಲಿ ಬಹುಕಾಲ ಇದು ಮೇಷ್ಟರಾಗುವವರ ಓದಾಗಿಯೇ ಉಳಿಯಿತು. ಕೋರ್ಟಿನ ಕ್ಯಾಂಟೀನಿನಲ್ಲಿ ‘ಎಲ್‌ಎಲ್.ಎಂ. ಮಾಡ್ತಿದ್ದೀನಿ’ ಎಂದರೆ ಹಿರಿಯರು ‘ಯಾಕೆ, ಪ್ರಾಕ್ಟೀಸ್ ಬೇಡ್ವೇನೋ?’ ಎಂದು ಕೇಳುವುದು ಇವತ್ತಿಗೂ ತಪ್ಪಿಲ್ಲ.

ಮೈಸೂರು, ಧಾರವಾಡ, ಬೆಂಗಳೂರು ವಿಶ್ವವಿದ್ಯಾಲಯಗಳ ಕಾನೂನು ವಿಭಾಗಗಳಲ್ಲಿ ಈ ಓದು ಎರಡು ವರ್ಷದ್ದು. ಕೊನೆಯಲ್ಲೊಂದು ಪ್ರಬಂಧ. ರೆಕ್ಸಿನ್ ರಟ್ಟು, ಬಂಗಾರದ ಅಕ್ಷರ, ಬೈಂಡಿಂಗ್ ಅಂಗಡಿಯಲ್ಲಿ ಕೊನೆಯ ರಾತ್ರಿಯ ಜಾಗರಣೆ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಆ ಪ್ರತಿ ಗ್ರಂಥಾಲಯದ ಮೇಲಿನ ಕಪಾಟು ಸೇರುತ್ತದೆ. ಮುಂದಿನ ವರ್ಷದವರು ಅಧ್ಯಾಯ ವಿಂಗಡಣೆ ನೋಡಿಕೊಳ್ಳಲೆಂದು ಕೆಳಗಿಳಿಸುತ್ತಾರೆ, ಓದಲೆಂದಲ್ಲ. ನನ್ನದಕ್ಕೂ ಅದೇ ಗತಿಯಾಯಿತು.

1986ರ ರಾಜ್ಯ ಕಾಯ್ದೆಯಿಂದ ಹುಟ್ಟಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ತರಗತಿ ಆರಂಭಿಸಿತು. ಅದು ಈಗಿರುವ ನಾಗರಭಾವಿಗೆ ಹೆಸರು ತಂದುಕೊಟ್ಟದ್ದು ಐದು ವರ್ಷದ ಬಿ.ಎ. ಎಲ್‌ಎಲ್.ಬಿ.; ಅಲ್ಲಿನ ಎಲ್‌ಎಲ್.ಎಂ. ಅದರ ನೆರಳಲ್ಲೇ ಬೆಳೆಯಿತು. 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಬಂತು. ಅಲ್ಲಿಯವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಹಂಚಿಹೋಗಿದ್ದ ಕಾನೂನು ಕಾಲೇಜುಗಳು ಅದರ ಸಂಯೋಜನೆಗೆ ಸೇರಿದವು.

ನಿಜವಾದ ಜಗ್ಗಾಟ ಶುರುವಾದದ್ದು 2013ರಲ್ಲಿ. ಆ ಜನವರಿಯಲ್ಲಿ ಯುಜಿಸಿ ಒಂದು ವರ್ಷದ ಎಲ್‌ಎಲ್.ಎಂ.ಗೆ ಮಾರ್ಗಸೂಚಿ ಹೊರಡಿಸಿತು. ಸಂಶೋಧನಾ ವಿಧಾನವೂ ಸೇರಿದಂತೆ ಮೂರು ಕಡ್ಡಾಯ ಪತ್ರಿಕೆ, ಆರು ಐಚ್ಛಿಕ, ಒಂದು ಪ್ರಬಂಧ. ಲೆಕ್ಕ ಸರಳವಾಗಿತ್ತು: ಪಿಯುಸಿ ಆದ ಮೇಲೆ ಐದು ವರ್ಷ ಕಾನೂನು ಓದಿದವರನ್ನು ಮತ್ತೆರಡು ವರ್ಷ ಕೂರಿಸುವುದೇಕೆ? ಇಂಗ್ಲೆಂಡಿನಲ್ಲಿ ಒಂದೇ ವರ್ಷಕ್ಕೆ ಮುಗಿಯುತ್ತದಲ್ಲ? (ಆಕ್ಸ್‌ಫರ್ಡಿನ ಬಿಸಿಎಲ್ ಹೆಸರಿನಲ್ಲಿ ಬ್ಯಾಚುಲರ್, ಓದಿನಲ್ಲಿ ಸ್ನಾತಕೋತ್ತರ. ನಮ್ಮ ಗುಮಾಸ್ತರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಗುತ್ತದೆ.) ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ಒಂದು ವರ್ಷಕ್ಕೆ ಬದಲಾದವು.

ಎಂಟು ವರ್ಷ ತುಂಬುವಷ್ಟರಲ್ಲಿ, 2021ರ ಜನವರಿಯಲ್ಲಿ, ಭಾರತೀಯ ವಕೀಲರ ಪರಿಷತ್ತು ಒಂದು ವರ್ಷದ ಪದವಿಯನ್ನೇ ರದ್ದುಪಡಿಸುವ ನಿಯಮ ಪ್ರಕಟಿಸಿತು. ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಸಾಲಿಗೆ ಜಾರಿ ಮಾಡುವುದಿಲ್ಲವೆಂದು ಪರಿಷತ್ತು ಒಪ್ಪಿಕೊಂಡಿತು. ಸನ್ನದಿಗೆ ಬೇಡವೇ ಬೇಡವಾದ ಪದವಿಗೆ ಎಷ್ಟು ವರ್ಷ ಇರಬೇಕೆಂದು ಸನ್ನದು ಕೊಡುವವರು ಹಟ ಹಿಡಿದದ್ದು ನನಗಂತೂ ವಿಚಿತ್ರವಾಗಿಯೇ ಕಂಡಿತು. ಹಾಗೆಂದು ಒಂದು ವರ್ಷದ ಪರ ನಾನು ಪೂರ್ತಿ ವಾದಿಸಲಾರೆ. ವಿಷಯ ಹುಡುಕಿ ಮಾರ್ಗದರ್ಶಕರನ್ನು ಒಪ್ಪಿಸುವುದರಲ್ಲೇ ಅರ್ಧ ವರ್ಷ ಕಳೆಯುತ್ತದೆ; ಉಳಿದದ್ದು ಟೈಪಿಂಗಿಗೆ.

ಹೆಚ್ಚಿನ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಈ ಓದಿಗೆ ಪ್ರವೇಶದ ಬಾಗಿಲು ಸಿಎಲ್‌ಎಟಿ: ಎರಡು ಗಂಟೆ, 120 ಬಹುಆಯ್ಕೆ ಪ್ರಶ್ನೆ, ತಪ್ಪಿಗೆ ಕಾಲು ಅಂಕ ಕಡಿತ. ಒಂದೆರಡು ವರ್ಷ ಪ್ರಬಂಧ ಬರೆಸಿದ್ದೂ ಉಂಟು, ಈಗ ಅದಿಲ್ಲ. ಪ್ರಬಂಧ ಬರೆದು ಮುಗಿಸಬೇಕಾದ ಓದಿಗೆ ಒಂದು ವಾಕ್ಯವನ್ನೂ ಬರೆಯದೆ ಸೇರಬಹುದು.

ಕೆಲಸ ಬಿಟ್ಟು ಬರಲಾಗದವರಿಗೆ ನಾಗರಭಾವಿಯ ದೂರಶಿಕ್ಷಣವಿದೆ. ಯಾವ ಪದವೀಧರರಾದರೂ ಸೇರಬಹುದಾದ ಎರಡು ವರ್ಷದ ಮಾಸ್ಟರ್ ಆಫ್ ಬಿಸಿನೆಸ್ ಲಾಸ್, ವೈದ್ಯಕೀಯ ಕಾನೂನು, ಪರಿಸರ, ಬೌದ್ಧಿಕ ಆಸ್ತಿಯಂಥ ವಿಷಯಗಳ ಡಿಪ್ಲೊಮಾಗಳು. ಇದರಿಂದ ಕರಿಕೋಟು ತೊಡಲು ಬರುವುದಿಲ್ಲ. ಆದರೆ ಇಂಥ ಓದಿಗೆ ಬರುವ ವೈದ್ಯರು, ಬ್ಯಾಂಕಿನವರು ಕೇಳುವ ಪ್ರಶ್ನೆಗಳು ಅವರವರ ಟೇಬಲ್ಲಿನಿಂದ ಎದ್ದು ಬಂದವು. ಪಾಠ ಮಾಡುವವರಿಗೆ ಅದೇ ಬೆವರಿಳಿಸುತ್ತದೆ.

ಕಳೆದ ವರ್ಷ ಪರಿಚಯದ ಹುಡುಗಿಯೊಬ್ಬಳು ತಾಲ್ಲೂಕು ಕೋರ್ಟಿನ ಸಾಕ್ಷಿ ಹೇಳಿಕೆಗಳ ಮೇಲೆ ಪ್ರಬಂಧ ಬರೆದಳು. ಹೇಳಿಕೆಗಳೆಲ್ಲ ಕನ್ನಡದಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ. ‘ಹೊಲದ ಬದು ಸರಿಸಿದ’ ಎಂಬ ಒಂದು ಮಾತಿಗೆ ಸರಿಯಾದ ಇಂಗ್ಲಿಷ್ ಹುಡುಕುತ್ತ ರಾತ್ರಿ ಹತ್ತಕ್ಕೆ ಫೋನು ಮಾಡಿದಳು. ಕೊನೆಗೆ ಕನ್ನಡವನ್ನು ಹಾಗೇ ಉಳಿಸಿ ಅಡಿಟಿಪ್ಪಣಿ ಹಾಕು ಎಂದೆ.