ಎಪ್ಪತ್ತರ ಹೀರೋಗೆ ಹೊಡೆದ ಸೀಟಿ



ಸಹಕಾರಿ ಸಂಘದ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಸಾಲ, ಠೇವು, ಷೇರಿನ ಲೆಕ್ಕ ಇರಬೇಕು, ಪಿಚ್ಚರಿನ ಮಾತು ಯಾಕ್ರೀ ಅಂತ ಹಿರಿಯರು ಕೇಳಬಹುದು. ಗೋಳಗುಮ್ಮಟ, ಇಬ್ರಾಹಿಂ ರೋಜಾಗಳ ಊರಿನವರಾದ ನಮಗೆ ಚರಿತ್ರೆ ಅಂದರೆ ಸುಲ್ತಾನರು, ಕಲ್ಲು-ಕಟ್ಟಡ ಅಂತ ರೂಢಿಯಾಗಿಬಿಟ್ಟಿದೆ. ಆದರೆ ಜೋರಾಪುರ ಪೇಟೆಯಲ್ಲಾಗಲಿ, ತಿಕೋಟಾ-ಬಬಲೇಶ್ವರದ ಕಡೆಯ ಹಳ್ಳಿಗಳಲ್ಲಾಗಲಿ, ಜನ ದುಡಿದ ದುಡ್ಡು ಕೊಟ್ಟು ಯಾರನ್ನು ನೋಡಲು ಹೋದರು, ಯಾರಿಗೆ ಸೀಟಿ ಹೊಡೆದರು ಎಂಬುದೂ ಚರಿತ್ರೆಯೇ. ಆ ಚರಿತ್ರೆಯಲ್ಲಿ 2000ನೇ ಇಸ್ವಿಯನ್ನು ಮರೆಯುವಂತಿಲ್ಲ. ಡಾ. ರಾಜಕುಮಾರ್ ಅವರ ‘ಶಬ್ದವೇಧಿ’ ಬಂದದ್ದು ಆ ವರ್ಷ.

ರಾಜಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು. ಗಾಜನೂರಿನ ಮುತ್ತುರಾಜ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಪಳಗಿ, 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದರು. 1967ರಲ್ಲಿ ‘ಇಮ್ಮಡಿ ಪುಲಿಕೇಶಿ’ಯಾಗಿ ಬಂದರು. ಪುಲಿಕೇಶಿಯ ಬಾದಾಮಿ ಆಗ ನಮ್ಮ ವಿಜಾಪುರ ಜಿಲ್ಲೆಯದೇ. ಬಾಗಲಕೋಟೆ ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಮರುವರ್ಷ, ಅಂದರೆ 1968ರಲ್ಲಿ, ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ ಬಂತು. ಕಿರೀಟ ಇಳಿಸಿ ಸೂಟು ತೊಟ್ಟ ರಾಜಕುಮಾರ್ ಪಿಸ್ತೂಲು ಹಿಡಿದು ಸಿ.ಐ.ಡಿ. 999 ಆದರು. ಇಂಗ್ಲಿಷಿನ ಜೇಮ್ಸ್ ಬಾಂಡ್ ಕನ್ನಡ ಮಾತಾಡಿದಂತಾಯಿತು! ಆ ಸಾಲಿನಲ್ಲಿ ಇನ್ನೂ ಮೂರು ಚಿತ್ರ ಬಂದವು. ಕೊನೆಯದು 1978ರ ‘ಆಪರೇಷನ್ ಡೈಮಂಡ್ ರಾಕೆಟ್’.

ಫೈಟಿಂಗಿನ ಗುಟ್ಟು ಜನರಿಗೆ ಗೊತ್ತಿಲ್ಲ ಅಂತಲ್ಲ. ಮುಷ್ಟಿ ಮುಖದಿಂದ ಒಂದು ಗೇಣು ದೂರದಲ್ಲೇ ಹಾದು ಹೋಗುತ್ತದೆ. ಕ್ಯಾಮೆರಾ ಇಟ್ಟ ಕೋನದಿಂದ ಅದು ಬಿದ್ದಂತೆ ಕಾಣುತ್ತದೆ. ‘ಢಿಶುಂ’ ಸದ್ದನ್ನು ಆಮೇಲೆ ಕೂಡಿಸುತ್ತಾರೆ. ಎಷ್ಟೋ ಪಿಚ್ಚರುಗಳಲ್ಲಿ ದೂರದ ಶಾಟಿನಲ್ಲಿ ಜಿಗಿಯುವವನು ಬೇರೆಯೇ ಇರುತ್ತಾನೆ. ನೆಲದ ಟಿಕೀಟಿನವನಿಗೂ ಇದೆಲ್ಲ ತಿಳಿದಿತ್ತು. ಬಯಲಾಟದಲ್ಲಿ ಭೀಮನ ಗದೆ ಕಟ್ಟಿಗೆಯದು ಅಂತ ಗೊತ್ತಿದ್ದೂ ಬೆಳತನಕ ಕೂಡ್ರುವ ಜನ ನಾವು. ಸುಳ್ಳು ಅಂತ ಗೊತ್ತಿದ್ದೂ ಒಪ್ಪಿಕೊಂಡು ನೋಡುವುದರಲ್ಲೇ ಸುಖ ಇರುತ್ತದೆ.

ಕಾಲ ಸರಿಯಿತು. 1982ರ ಗೋಕಾಕ್ ಚಳವಳಿಯಲ್ಲಿ ರಾಜಕುಮಾರ್ ನಾಡೆಲ್ಲ ಸುತ್ತಿದರು. ಅಂದಿನಿಂದ ಉತ್ತರ ಕರ್ನಾಟಕದ ಜನರಿಗೂ ಅವರು ಬರೀ ನಟರಾಗಿ ಉಳಿಯಲಿಲ್ಲ, ಮನೆಯ ಹಿರಿಯಣ್ಣನಾದರು. 1989ರ ‘ಪರಶುರಾಮ್’ ಆದ ಮೇಲೆ ಮೂರು ವರ್ಷ ಹೊಸ ಚಿತ್ರವಿಲ್ಲ. 1992ರಲ್ಲಿ ಊರಿನ ಸೆರೆಯ ಪಿಡುಗಿನ ವಿರುದ್ಧ ನಿಲ್ಲುವ ಹಿರಿಯನಾಗಿ ‘ಜೀವನ ಚೈತ್ರ’ದಲ್ಲಿ ಬಂದರು. 1993ರಲ್ಲಿ ತ.ರಾ.ಸು. ಕಾದಂಬರಿಗಳ ಆಧಾರದ ‘ಆಕಸ್ಮಿಕ’ ಬಂತು. ಅದರ ಒಂದು ಹಾಡಿನ ಚಿತ್ರೀಕರಣ ಹುಬ್ಬಳ್ಳಿಯ ಬೀದಿಗಳಲ್ಲಿ, ಜನಸಾಗರದ ನಡುವೆ ನಡೆಯಿತು. 1994ರ ‘ಒಡಹುಟ್ಟಿದವರು’ ಆದ ಮೇಲೆ ಮತ್ತೆ ಆರು ವರ್ಷ ಮೌನ. ಇನ್ನು ರಾಜಣ್ಣ ಬಣ್ಣ ಹಚ್ಚೋದಿಲ್ಲ ಬಿಡ್ರಿ ಅನ್ನುವ ಹೊತ್ತಿಗೆ ‘ಶಬ್ದವೇಧಿ’ ತೆರೆ ಕಂಡಿತು.

ಎಸ್. ನಾರಾಯಣ್ ನಿರ್ದೇಶನ, ಹಂಸಲೇಖರ ಸಂಗೀತ, ವಿಜಯ ಸಾಸನೂರ ಅವರ ಕಾದಂಬರಿಯ ಕಥೆ. ಮಾದಕ ವಸ್ತುಗಳ ದಂಧೆಯವರನ್ನು ಸದೆಬಡಿಯುವ ಪೊಲೀಸ್ ಅಧಿಕಾರಿಯ ಪಾತ್ರ; ನಾಯಕನ ವಯಸ್ಸು ಎಪ್ಪತ್ತು ದಾಟಿತ್ತು! ನಾಯಕಿ ಜಯಪ್ರದಾ. 1983ರ ‘ಕವಿರತ್ನ ಕಾಳಿದಾಸ’ದಲ್ಲಿ ಇದೇ ಜೋಡಿಯನ್ನು ಕಂಡವರ ಮಕ್ಕಳು ಈಗ ಕಾಲೇಜು ಸೇರಿದ್ದರು. ಈ ವಯಸ್ಸಿನಲ್ಲಿ ಡ್ಯಾನ್ಸು, ಫೈಟಿಂಗು ಬೇಕಿತ್ತೇ ಎಂದು ನಕ್ಕವರುಂಟು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಪುಂಡರು ಸಾಲಾಗಿ ಬಂದು ಸಾಲಾಗಿ ಬೀಳುವುದು, ಡೈಲಾಗು ಮುಗಿದ ಮೇಲೇ ಗುಂಡು ಹಾರುವುದು ಎಲ್ಲ ಹಳೆಯ ಜಾಡೇ. ಆದರೆ 1968ರಲ್ಲಿ ಮೀಸೆ ಚಿಗುರುವಾಗ ಸಿ.ಐ.ಡಿ. 999ಕ್ಕೆ ಸೀಟಿ ಹೊಡೆದವನಿಗೆ 2000ದಲ್ಲಿ ಐವತ್ತರ ವಯಸ್ಸು, ಮೊಮ್ಮಕ್ಕಳ ಕಾಲ. ಆತ ಫೈಟಿಂಗ್ ತಪ್ಪು ಹುಡುಕಲು ಹೋಗಿರಲಿಲ್ಲ. ತನ್ನ ಜೊತೆ ಮುದುಕನಾಗುತ್ತಿರುವ ಮನುಷ್ಯ ಇನ್ನೂ ಗಟ್ಟಿಯಾಗಿದ್ದಾನೆ ಅಂತ ಕಣ್ಣಾರೆ ಕಂಡು ಬರಲು ಹೋಗಿದ್ದ. ಆ ಸೀಟಿಯಲ್ಲಿ ಅರ್ಧ ಪಾಲು ತನ್ನ ಪ್ರಾಯಕ್ಕೇ ಹೊಡೆದದ್ದು.

ಅದೇ ವರ್ಷ ತೆರೆಯ ಆಟ ನಿಜದ ಕಷ್ಟವಾಗಿ ತಿರುಗಿತು. ಜುಲೈ 30ರ ರಾತ್ರಿ ಗಾಜನೂರಿನ ಮನೆಯಿಂದ ಕಾಡುಗಳ್ಳ ವೀರಪ್ಪನ್ ರಾಜಕುಮಾರ್ ಅವರನ್ನು ಅಪಹರಿಸಿದ. ಬೆಂಗಳೂರಿನಲ್ಲಿ ಅಂಗಡಿ-ಮುಂಗಟ್ಟು ಮುಚ್ಚಿದವು. ನಾಡಿನ ಗುಡಿಗಳಲ್ಲಿ ಪೂಜೆ, ದರ್ಗಾ-ಇಗರ್ಜಿಗಳಲ್ಲಿ ಪ್ರಾರ್ಥನೆ ನಡೆದವು. ಕೆಲವೇ ತಿಂಗಳ ಹಿಂದೆ ಪಿಸ್ತೂಲು ಹಿಡಿದು ಇಡೀ ದಂಡನ್ನೇ ಮಲಗಿಸಿದ್ದ ವೀರ, ಬಿಳಿ ಪಂಚೆ-ಅಂಗಿಯ ಎಪ್ಪತ್ತೊಂದರ ಮುದುಕ ಎಂಬ ಮಾತು ಆಗ ಎಲ್ಲರ ಕರುಳಿಗೆ ತಾಗಿತು. ಫೈಟಿಂಗ್ ಸುಳ್ಳು ಅಂತ ತಿಳಿದಿದ್ದ ಜನರೇ ಅತ್ತರು, ಯಾಕೆಂದರೆ ಅವರ ಪ್ರೀತಿ ಸುಳ್ಳಾಗಿರಲಿಲ್ಲ. 108 ದಿನ ಕಾಡಿನಲ್ಲಿ ಕಳೆದು, ನವೆಂಬರ್ 15ರಂದು ಬಿಡುಗಡೆಯಾಗಿ ಬಂದರು. ಆಮೇಲೆ ಅವರು ನಾಯಕರಾಗಿ ಮತ್ತೆ ತೆರೆಗೆ ಬರಲಿಲ್ಲ. ‘ಶಬ್ದವೇಧಿ’ಯೇ ಕಡೆಯದಾಯಿತು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡರು.

ಕಾಣದಿದ್ದರೂ ಸದ್ದು ಕೇಳಿ ಗುರಿ ಹೊಡೆಯುವುದೇ ಶಬ್ದವೇಧಿ ವಿದ್ಯೆ. ದಶರಥ-ಶ್ರವಣಕುಮಾರರ ಕಥೆಯಿಂದ ಇದು ನಮಗೆಲ್ಲ ಪರಿಚಿತ. ಟಿ.ವಿ.ಯಲ್ಲಿ ಇಂದಿಗೂ ಈ ಚಿತ್ರ ಬಂದಾಗ ಒಳಕೋಣೆಯಲ್ಲಿದ್ದ ಅಜ್ಜ ಆ ದನಿ ಕೇಳಿಯೇ ‘ರಾಜಣ್ಣಂದ ಹೌದಿಲ್ಲೊ ತಮ್ಮಾ?’ ಅಂತ ಎದ್ದು ಬರುತ್ತಾನೆ. ಮೊಮ್ಮಗ ಗ್ರಾಫಿಕ್ಸ್ ಕಾಲದವನು, ನಗುತ್ತಾನೆ, ನಗಲಿ. ನಗುತ್ತಲೇ ಅಜ್ಜನ ಪಕ್ಕದಲ್ಲಿ ಕೂತರೆ ಸಾಕು, ಅಜ್ಜನ ಪ್ರಾಯದ ಕಥೆ ತಾನೇ ಹೊರಬೀಳುತ್ತದೆ.

ರಾಜಕುಮಾರ್ ಜನರನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದರು. ನಲವತ್ತಾರು ವರ್ಷ ಹನಿ ಹನಿಯಾಗಿ ಕೂಡಿಟ್ಟ ಆ ವಿಶ್ವಾಸವೇ ಎಪ್ಪತ್ತರಲ್ಲಿ ಅವರ ಕೈ ಹಿಡಿಯಿತು. ಇಪ್ಪತ್ತೈದು ತುಂಬಿದ ನಮ್ಮ ಸಂಘಕ್ಕೂ ಸದಸ್ಯರ ವಿಶ್ವಾಸವೇ ನಿಜವಾದ ಠೇವು. ಅದು ವರ್ಷದಿಂದ ವರ್ಷಕ್ಕೆ ಬೆಳೆಯಲಿ ಎಂದು ಹಾರೈಸುತ್ತೇನೆ.